‘ಶುಗರ್ ಅಕ್ಕಿ’ ಅಂತ ಬರೆದು ಮಾರೋದು ನಿಲ್ಲಿಸೋಣ

ಸ್ನೇಹಿತರೇ, ಈ ವಾರ ಬೇಸಾಯಕ್ಕಿಂತ ಊಟದ ವಿಷಯ ಜಾಸ್ತಿ ಬರೀತಿದ್ದೀನಿ. ಆದ್ರೂ ಓದಿ. ಸಾವಯವ ಅಕ್ಕಿ ಬೆಳೆದು ವಾಟ್ಸಾಪ್‌ನಲ್ಲಿ ಮಾರೋ ನಮ್ಮಂಥವರಿಗೆ ಇದು ನೇರವಾಗಿ ಸಂಬಂಧಪಟ್ಟ ವಿಷಯ. ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಎರಡು ವರ್ಷದ ಹಿಂದೆ ನಮ್ಮ ಎರಡು ಎಕರೆ ಕಾಲುವೆ ಗದ್ದೆಯ ರಾಜಮುಡಿಯನ್ನ ಒಂದೇ ಪಾಲಿಶ್ ಮಾಡಿಸಿ, ಐದೈದು ಕೆ.ಜಿ. ಚೀಲ ಮಾಡಿ ಬೆಂಗಳೂರಿನ ಗಿರಾಕಿಗಳಿಗೆ ಕಳಿಸಿದ್ದೆ. ಚೀಲದ ಮೇಲೆ ಅಂಟಿಸೋ ಚೀಟಿಯಲ್ಲಿ ಒಂದು ಸಾಲು ಹಾಕಿಸಿದ್ದೆ: ‘ಶುಗರ್ ಇರುವವರಿಗೆ ಸೂಕ್ತ’. ಯಾರು ಹೇಳಿದ್ರು? ಯಾರೂ ಇಲ್ಲ. ಬೇರೆಯವರ ಚೀಲದ ಮೇಲೆ ಇತ್ತು, ನಾನೂ ಹಾಕಿಸಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಬಿ.ಎಸ್ಸಿ. ಓದಿದವನು ನಾನು. ಒಂದು ಔಷಧಿಯ ಡಬ್ಬದ ಮೇಲೆ ಪ್ರಯೋಗದ ಆಧಾರ ಇಲ್ಲದೆ ‘ಇದು ಹುಳು ಸಾಯಿಸುತ್ತೆ’ ಅಂತ ಬರೆದ್ರೆ ಬೈಯ್ಯೋನು. ಅಕ್ಕಿ ವಿಷಯದಲ್ಲಿ ಮಾತ್ರ ಬಾಯಿ ಮುಚ್ಕೊಂಡಿದ್ದೆ.

ಒಂದೂವರೆ ತಿಂಗಳು ಬಿಟ್ಟು ಒಬ್ಬ ಅಕ್ಕ ಫೋನ್ ಮಾಡಿದ್ರು. ‘ನಿಮ್ಮ ಅಕ್ಕಿ ರುಚಿ ಚೆನ್ನಾಗಿದೆ, ಆದ್ರೆ ನಮ್ಮ ಮಾವನವರಿಗೆ ಊಟ ಆದ್ಮೇಲಿನ ಶುಗರ್ 280 ದಾಟಿದೆ. ಇದು ಶುಗರ್ ಅಕ್ಕಿ ಅಲ್ವಾ?’ ಎಷ್ಟು ತಿಂತಿದ್ದಾರೆ ಅಂತ ಕೇಳಿದೆ. ಮೊದಲು ಡಾಕ್ಟರ್ ಹೇಳಿದ ಹಾಗೆ ಒಂದು ಸಣ್ಣ ಬಟ್ಟಲು ಅನ್ನ ತಿಂತಿದ್ರಂತೆ. ನಮ್ಮ ಚೀಟಿ ಓದಿದ ಮೇಲೆ ಮೊದಲಿನ ಹಾಗೆ ತಟ್ಟೆ ತುಂಬ ಎರಡು ಹೊತ್ತು. ‘ಇಷ್ಟು ವರ್ಷ ಆದ್ಮೇಲೆ ಹೊಟ್ಟೆ ತುಂಬ ಉಂಡೆ’ ಅಂತ ಖುಷಿಯಾಗಿದ್ರಂತೆ. ಆ ಮಾತು ಕೇಳಿ ನನಗೆ ಏನು ಹೇಳಬೇಕೋ ತಿಳೀಲಿಲ್ಲ. ಅಕ್ಕಿ ವಾಪಸ್ ತಗೋತೀನಿ ಅಂದೆ. ಅವರು ಬೇಡ ಅಂದ್ರು.

ನಮ್ಮ ಮನೇಲೂ ಶುಗರ್ ಇದೆ. ಅಪ್ಪನಿಗೆ 11 ವರ್ಷ ಆಯ್ತು. ಆ ಫೋನ್ ಬಂದ ವಾರವೇ ಪ್ಯಾಕಿಂಗ್ ತಕ್ಕಡಿಯನ್ನ ಅಡುಗೆಮನೆಗೆ ತಂದಿಟ್ಟೆ. ಅಪ್ಪ ಮಧ್ಯಾಹ್ನ ತಿನ್ನೋ ಅನ್ನ ತೂಗಿದ್ರೆ 420 ಗ್ರಾಂ. ಅವ್ವ ‘ಅದೇನು ಜಾಸ್ತಿ, ನಿಮ್ಮ ತಾತ ಇದರ ಎರಡರಷ್ಟು ಉಣ್ತಿದ್ರು’ ಅಂದ್ಲು. ನಿಜ. ಆದ್ರೆ ತಾತ ಬೆಳಿಗ್ಗೆ ಆರಕ್ಕೆ ನೇಗಿಲು ಹಿಡಿದ್ರೆ ಬಿಡ್ತಿದ್ದದ್ದು ಹನ್ನೊಂದಕ್ಕೆ. ನಾವು ಗದ್ದೆ ಬದುವಿನವರೆಗೂ ಬೈಕ್‌ನಲ್ಲಿ ಹೋಗಿ, ಟಿಲ್ಲರ್‌ನವನಿಗೆ ಫೋನ್‌ಪೇ ಮಾಡಿ ಬರೋರು.

ನಾಲ್ಕು ದಿನ ಗ್ಲುಕೋಮೀಟರ್ ಹಿಡಿದು ಕೂತೆ. ಮೊದಲ ತುತ್ತು ತಿಂದು ಸರಿಯಾಗಿ ಎರಡು ಗಂಟೆಗೆ ಬೆರಳು ಚುಚ್ಚಿದ್ದು. ಅಂಗಡಿಯ ಸೋನಾ ಮಸೂರಿ 420 ಗ್ರಾಂ ಅನ್ನ, ಸಾರು: 248. ನಮ್ಮ ರಾಜಮುಡಿ ಅಷ್ಟೇ ತೂಕ, ಅದೇ ಸಾರು: 231. ಮೂರನೇ ದಿನ ರಾಜಮುಡಿ 150 ಗ್ರಾಂ, ಜೊತೆಗೆ ಬಟ್ಟಲು ತುಂಬ ಹುರುಳಿಕಾಯಿ ಪಲ್ಯ, ಕಾಳಿನ ಹುಳಿ, ಮಜ್ಜಿಗೆ: 172. ನಾಲ್ಕನೇ ದಿನ ಸೋನಾ ಮಸೂರಿ 150 ಗ್ರಾಂ, ಮಿಕ್ಕಿದ್ದೆಲ್ಲ ಅದೇ: 181.

ಇದು ಒಬ್ಬ ಮನುಷ್ಯ, ನಾಲ್ಕು ದಿನ. ಇದನ್ನ ಸಂಶೋಧನೆ ಅಂತ ಯಾರೂ ಫಾರ್ವರ್ಡ್ ಮಾಡ್ಬೇಡಿ. ಮನೇಲಿರೋ ಮೀಟರ್‌ಗೆ ಶೇ. 15ರಷ್ಟು ಆಚೀಚೆ ಆಗೋಕೆ ಮಾನದಂಡದಲ್ಲೇ ಅವಕಾಶ ಇದೆ. ಅಂದ್ರೆ 248ಕ್ಕೂ 231ಕ್ಕೂ ಇರೋ ವ್ಯತ್ಯಾಸ ಮೀಟರಿನ ತಪ್ಪೂ ಇರಬಹುದು. ನನ್ನ ಚೀಲದ ಮೇಲಿನ ದೊಡ್ಡ ಮಾತು ನಿಂತಿದ್ದದ್ದು ಆ 17 ಅಂಕಿಯ ಮೇಲೆ! ಆದ್ರೆ 231ರಿಂದ 172ಕ್ಕೆ ಇಳಿದದ್ದು ಮೀಟರಿನ ತಪ್ಪಲ್ಲ. ಅದು ತಟ್ಟೆಯಲ್ಲಿ ಆದ ಬದಲಾವಣೆ.

ಇದರ ಹಿಂದಿರೋ ಲೆಕ್ಕ ಹೇಳ್ತೀನಿ, ಕಷ್ಟ ಏನಿಲ್ಲ. ನೂರು ಗ್ರಾಂ ಬೇಯಿಸಿದ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತೆ. ಅಪ್ಪನ 420 ಗ್ರಾಂ ಅನ್ನಕ್ಕೆ ಅದು 118 ಗ್ರಾಂ ಹತ್ತಿರ ಆಯ್ತು. 150 ಗ್ರಾಂ ಅನ್ನಕ್ಕೆ 42. ಇನ್ನು ಜಿಐ ಅಂತ ಎಲ್ಲರೂ ಹೇಳ್ತಾರಲ್ಲ, ಗ್ಲೈಸೆಮಿಕ್ ಇಂಡೆಕ್ಸ್, ಅದು ಒಂದು ಆಹಾರದ ಪಿಷ್ಟ ಎಷ್ಟು ಬೇಗ ರಕ್ತಕ್ಕೆ ಸಕ್ಕರೆಯಾಗಿ ಸೇರುತ್ತೆ ಅನ್ನೋ ಅಳತೆ. ಗ್ಲೂಕೋಸ್ 100. 55 ಅಥವಾ ಅದಕ್ಕಿಂತ ಕಡಿಮೆ ಇದ್ರೆ ಕಡಿಮೆ ಜಿಐ, 70 ಮತ್ತು ಮೇಲೆ ಇದ್ರೆ ಜಾಸ್ತಿ. ಜಿಐ ಅನ್ನ ತಿಂದ ಕಾರ್ಬೋಹೈಡ್ರೇಟ್‌ನಿಂದ ಗುಣಿಸಿ ನೂರರಿಂದ ಭಾಗಿಸಿದ್ರೆ ಗ್ಲೈಸೆಮಿಕ್ ಲೋಡ್, ಅಂದ್ರೆ ಮೈಮೇಲೆ ಬೀಳೋ ಹೊರೆ. 55 ಜಿಐ ಇರೋ ಒಳ್ಳೇ ಅಕ್ಕಿಯನ್ನ 420 ಗ್ರಾಂ ಉಂಡ್ರೆ ಹೊರೆ 65. 70 ಜಿಐ ಇರೋ ಸಾಮಾನ್ಯ ಅಕ್ಕಿಯನ್ನ 150 ಗ್ರಾಂ ಉಂಡ್ರೆ 29. ಯಾವ ತಟ್ಟೆ ಮೇಲು ಅಂತ ನೀವೇ ನೋಡಿ.

ಹಾಗಂತ ತಳಿಗೆ ಬೆಲೆನೇ ಇಲ್ಲ ಅಂತ ನಾನು ಹೇಳ್ತಿಲ್ಲ. ಹೇಳಿದ್ರೆ ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡ ಹಾಗೆ, ಅದು ಸುಳ್ಳೂ ಕೂಡ. ಅಕ್ಕಿ ಪಿಷ್ಟದಲ್ಲಿ ಎರಡು ಬಗೆ: ಅಮೈಲೋಸ್, ಅಮೈಲೋಪೆಕ್ಟಿನ್. ಅಮೈಲೋಸ್ ಜಾಸ್ತಿ ಇದ್ರೆ ಅನ್ನ ಉದುರುದುರು, ಜೀರ್ಣ ಸ್ವಲ್ಪ ನಿಧಾನ. ಅಮೈಲೋಪೆಕ್ಟಿನ್ ಜಾಸ್ತಿ ಇದ್ರೆ ಅಂಟಂಟು, ಬೇಗ ಸಕ್ಕರೆ. ತೆಲಂಗಾಣದ ಆರ್‌ಎನ್‌ಆರ್ 15048 ತಳಿ ‘ತೆಲಂಗಾಣ ಸೋನಾ’ ಅಂತ ಹೆಸರು ಮಾಡಿದ್ದೇ ಪರೀಕ್ಷೆಯಲ್ಲಿ ಜಿಐ 55ಕ್ಕಿಂತ ಕೆಳಗೆ ಬಂತು ಅಂತ. ನಮ್ಮ ಕರಾವಳಿಯ ಕುಚ್ಚಲಕ್ಕಿಯಲ್ಲಿ ಭತ್ತವನ್ನೇ ಬೇಯಿಸಿ ಒಣಗಿಸೋದ್ರಿಂದ ಪಿಷ್ಟ ಮತ್ತೆ ಗಟ್ಟಿಯಾಗುತ್ತೆ, ಜೀರ್ಣ ಸಾಮಾನ್ಯವಾಗಿ ನಿಧಾನ. ತೌಡು ಉಳಿದ ಅಕ್ಕಿಯಲ್ಲಿ ನಾರು, ಬಿ ಜೀವಸತ್ವ ಉಳಿಯುತ್ತೆ. ಇದೆಲ್ಲ ಸರಿ.

ಆದ್ರೆ ತಳಿಯ ಹೆಸರು ಒಂದೇ ಇದ್ರೂ, ಎಷ್ಟು ಪಾಲಿಶ್ ಮಾಡಿದ್ದು, ಹೊಸ ಅಕ್ಕಿಯೋ ಹಳೆಯದೋ, ಎಷ್ಟು ನೀರು, ಎಷ್ಟು ವಿಷಲ್, ಬಿಸಿಯೋ ತಣ್ಣಗಾಗಿದ್ದೋ, ಇದರ ಮೇಲೆಲ್ಲ ಅಂಕಿ ಬದಲಾಗುತ್ತೆ. ಜಿಐ ಪರೀಕ್ಷೆ ಅಂದ್ರೆ ಸಾಮಾನ್ಯವಾಗಿ ಹತ್ತು ಜನರಿಗೆ 50 ಗ್ರಾಂ ಕಾರ್ಬೋಹೈಡ್ರೇಟ್ ಇರೋಷ್ಟು ಅನ್ನ ಕೊಟ್ಟು, ಎರಡು ಗಂಟೆ ಮತ್ತೆ ಮತ್ತೆ ರಕ್ತ ತೆಗೆದು ನೋಡೋದು. ನನ್ನ ಗದ್ದೆಯ ರಾಜಮುಡಿಗೆ ಆ ಪರೀಕ್ಷೆ ಆಗಿಲ್ಲ. ನಿಮ್ಮ ರತ್ನಚೂಡಿಗೆ, ಕರಿ ಅಕ್ಕಿಗೆ ಆಗಿದ್ಯಾ? ಆಗಿದ್ರೆ ವರದಿ ಸಮೇತ ಅಂಕಿ ಹಾಕಿ. ಇಲ್ಲದಿದ್ರೆ ಬಣ್ಣ ನೋಡಿ ಬರೆಯಬೇಡಿ. ಇನ್ನೊಂದು ವಿಷಯ, ಸಾವಯವ ಅನ್ನೋದಕ್ಕೂ ಶುಗರ್‌ಗೂ ಸಂಬಂಧ ಇಲ್ಲ. ಜೀವಾಮೃತ ಹಾಕಿ ಬೆಳೆದ ಅಕ್ಕಿಯ ಪಿಷ್ಟವೂ ಹೊಟ್ಟೆಯಲ್ಲಿ ಗ್ಲೂಕೋಸೇ ಆಗೋದು.

ರಾಗಿ ಬೆಳೆಯೋ ಸ್ನೇಹಿತರು ಇಲ್ಲಿ ನಗಬೇಡಿ. ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ರೆ ರಾಗಿಯಲ್ಲಿ ಸುಮಾರು 67. ನಾರು ಮಾತ್ರ ರಾಗಿಯಲ್ಲಿ 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಅಷ್ಟೇ. ಸುಣ್ಣದ ಅಂಶವೂ ಸಾಕಷ್ಟಿದೆ. ಅದು ರಾಗಿಯ ಹೆಚ್ಚುಗಾರಿಕೆ. ಆದ್ರೆ ನುಣ್ಣಗೆ ಬೀಸಿ, ಗಂಜಿ ಮಾಡಿ, ಲೋಟಗಟ್ಟಲೆ ಕುಡಿದ್ರೆ ಅದೂ ಬೇಗ ಏರಿಸುತ್ತೆ. ತೆಂಗಿನಕಾಯಿ ಗಾತ್ರದ ಎರಡು ಮುದ್ದೆ ನುಂಗಿ ‘ನಾನು ಅನ್ನ ಬಿಟ್ಟಿದ್ದೀನಿ’ ಅನ್ನೋರು ನಮ್ಮೂರಲ್ಲೇ ಇದ್ದಾರೆ.

ಬೆಂಗಳೂರಿನ ಗಿರಾಕಿ ಹುಡುಗನೊಬ್ಬ ‘ಅಣ್ಣ, ನಿಮ್ಮ ಅಕ್ಕಿಯಲ್ಲಿ ಸುಶಿ ಮಾಡಬಹುದಾ, ನಂಗೆ ಬಾರ್ಡರ್ ಶುಗರ್ ಇದೆ’ ಅಂತ ಮೆಸೇಜ್ ಹಾಕಿದ್ದ. ಸುಶಿ ಅಂದ್ರೆ ಜಪಾನಿನವರ ತಿಂಡಿ, ಅಂಟೋ ಗಿಡ್ಡ ಅಕ್ಕಿಯ ಅನ್ನಕ್ಕೆ ವಿನೆಗರ್, ಸಕ್ಕರೆ, ಉಪ್ಪು ಕಲಸಿ, ಮೀನು ಗೀನು ಇಟ್ಟು ಕೊಡೋದು. ತೌಡು ಇರೋ ನಮ್ಮ ಅಕ್ಕಿ ಹಾಗೆ ಅಂಟೋದಿಲ್ಲಪ್ಪ ಅಂದೆ. ಆಮೇಲೆ ಅವನ ಜೊತೆ ಕೂತು ಲೆಕ್ಕ ಹಾಕಿದ್ವಿ. ಅನ್ನದ ಮೇಲೆ ಮೀನು ಇಟ್ಟ ಒಂದು ತುಂಡಿನಲ್ಲಿ 15ರಿಂದ 20 ಗ್ರಾಂ ಅನ್ನ ಇರುತ್ತೆ. ಎಂಟು ತುಂಡು ತಿಂದ್ರೆ ಒಂದು ಬಟ್ಟಲು ಅನ್ನ ಆಯ್ತು, ಮೇಲೆ ಸಕ್ಕರೆ ಬೇರೆ. ವಿನೆಗರ್ ಸ್ವಲ್ಪ ತಡೆಯುತ್ತೆ, ಮೀನಿನ ಪ್ರೋಟೀನೂ ಸಹಾಯ ಮಾಡುತ್ತೆ, ಆದ್ರೆ ತುಂಡು ಸಣ್ಣದು ಅಂತ ಎಣಿಕೆ ತಪ್ಪುತ್ತೆ. ನಾಲ್ಕು ತುಂಡು ಸುಶಿ, ಜೊತೆಗೆ ಬರೀ ಮೀನು, ಸೊಪ್ಪು, ಸೂಪು ತಗೊಂಡ್ರೆ ಅವನಿಗೆ ತೊಂದರೆ ಇಲ್ಲ. ನಮ್ಮ ಇಡ್ಲಿ, ಪಡ್ಡು, ಕಡುಬು, ಶ್ಯಾವಿಗೆಯ ಕಥೆಯೂ ಇದೇ ತಾನೆ? ‘ಎರಡೇ ಇಡ್ಲಿ’ ಅಂತಾರೆ, ತಟ್ಟೆ ಇಡ್ಲಿ ಆಗಿರುತ್ತೆ. ಮಧ್ಯಾಹ್ನ ಅನ್ನ ಬಿಟ್ಟು ಮೂರು ಅಕ್ಕಿರೊಟ್ಟಿ ತಿಂದ್ರೂ ಅದು ಅಕ್ಕಿಯೇ.

ಈಗ ಹೆದರಿಸೋ ಭಾಗ. ಅತಿಯಾಗಿ ಉಣ್ಣೋದು ಒಂದು ಅಪಾಯ ಆದ್ರೆ, ಹೆದರಿ ಪೂರ್ತಿ ಬಿಡೋದು ಇನ್ನೊಂದು. ನನ್ನ ಮೀಟರ್ ಪ್ರಯೋಗ ಆದ್ಮೇಲೆ ಅಪ್ಪನಿಗೆ ಅನ್ನದ ಮೇಲೆ ಸಿಟ್ಟು ಬಂತು. ಮೊಬೈಲ್‌ನಲ್ಲಿ ಯಾರೋ ‘ಅನ್ನ ಬಿಳಿ ವಿಷ’ ಅಂತ ವಿಡಿಯೋ ಕಳಿಸಿದ್ರು. ಒಂದು ರಾತ್ರಿ ಯಾರಿಗೂ ಹೇಳದೆ ಎರಡು ಸೌತೆಕಾಯಿ ತಿಂದು ಮಲಗಿದ್ರು. ಮಾತ್ರೆ ಮಾತ್ರ ಎಂದಿನಂತೆ ತಗೊಂಡಿದ್ರು, ಅದರಲ್ಲಿ ಗ್ಲಿಮಿಪಿರೈಡ್ ಇತ್ತು. ರಾತ್ರಿ ಎರಡು ಗಂಟೆಗೆ ಅವ್ವ ಕೂಗಿದ್ಲು. ಅಪ್ಪ ಬೆವರಿ ತೊಪ್ಪೆಯಾಗಿದ್ರು, ಕೈ ನಡುಗ್ತಿತ್ತು, ‘ತೂಬು ಎತ್ತಿದ್ರಾ’ ಅಂತ ಏನೇನೋ ಮಾತು. ಚುಚ್ಚಿ ನೋಡಿದ್ರೆ 52.

ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದ್ವಿ. ಹದಿನೈದು ನಿಮಿಷಕ್ಕೆ 78. ಆಮೇಲೆ ಹಾಲು, ಒಂದು ರೊಟ್ಟಿ. ಬೆಳಿಗ್ಗೆ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಊಟ ಬದಲಾಯಿಸೋದಿದ್ರೆ ಮೊದಲು ನನಗೆ ಹೇಳಿ, ಮಾತ್ರೆ ಕಡಿಮೆ ಮಾಡಬೇಕಾಗುತ್ತೆ ಅಂತ ಬೈದು, ಡೋಸ್ ಇಳಿಸಿದ್ರು.

ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳೋರು ಊಟ ಬಿಟ್ರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತೆ. 70ಕ್ಕಿಂತ ಕೆಳಗೆ ಬಂದ್ರೆ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್, 15 ನಿಮಿಷ ಕಾಯ್ದು ಮತ್ತೆ ಪರೀಕ್ಷೆ, ಏರದಿದ್ರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಸುರೀಬೇಡಿ, ಶ್ವಾಸಕ್ಕೆ ಹೋಗುತ್ತೆ. 108ಕ್ಕೆ ಫೋನ್ ಮಾಡಿ. ರೈತರಿಗೆ ಇದು ಇನ್ನೂ ಮುಖ್ಯ. ಬೆಳಿಗ್ಗೆ ಮಾತ್ರೆ ನುಂಗಿ, ‘ಆಳು ಬಂದ್ರು’ ಅಂತ ತಿಂಡಿ ತಿನ್ನದೆ ನಾಟಿ ಗದ್ದೆಗೆ ಇಳಿಯೋ ಅಪ್ಪಂದಿರು ನಮ್ಮಲ್ಲಿ ಎಷ್ಟು ಜನ! ಅಪ್ಪನ ಅಂಗಿ ಜೇಬಿನಲ್ಲಿ ಈಗ ಬೀಡಿ ಜಾಗದಲ್ಲಿ ಗ್ಲೂಕೋಸ್ ಪೊಟ್ಟಣ ಇರುತ್ತೆ. (ಕಾಲಿಗೆ ಗಮ್‌ಬೂಟೂ ಹಾಕಿಸಿದ್ದೀನಿ, ಶುಗರ್ ಇರೋರ ಪಾದಕ್ಕೆ ಮುಳ್ಳು ಚುಚ್ಚಿದ್ದೂ ಗೊತ್ತಾಗಲ್ಲ. ಅದು ಇನ್ನೊಂದು ವಾರದ ಲೇಖನ.)

ಹಾಗಾದ್ರೆ ಅನ್ನ ಹೇಗೆ ಉಣ್ಣೋದು? ನಮ್ಮನೇಲಿ ಈಗ ನಡೀತಿರೋದು ಹೇಳ್ತೀನಿ. ಅವ್ವ ಒಂದು ಸ್ಟೀಲ್ ಬಟ್ಟಲನ್ನ ಗುರುತು ಮಾಡಿದ್ದಾಳೆ, ಒತ್ತದೆ ತುಂಬಿದ್ರೆ 150 ಗ್ರಾಂ ಅನ್ನ ಹಿಡಿಯುತ್ತೆ. ಮಧ್ಯಾಹ್ನ ಒಂದು, ರಾತ್ರಿ ಒಂದು. ಮೊದಲು ಪಲ್ಯ, ಕೋಸಂಬರಿ, ಕಾಳು ಅಥವಾ ಮೊಟ್ಟೆ. ಅನ್ನ ಆಮೇಲೆ. ತರಕಾರಿ, ಪ್ರೋಟೀನ್ ಮೊದಲು ತಿಂದು ಅನ್ನವನ್ನ ಕೊನೆಗೆ ತಿಂದ್ರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತೆ ಅಂತ ಅಧ್ಯಯನಗಳೂ ತೋರಿಸಿವೆ. ನಮ್ಮ ಎಲೆ ಊಟದಲ್ಲಿ ಮೊದಲು ಬಡಿಸೋದೂ ಕೋಸಂಬರಿ, ಪಲ್ಯಗಳನ್ನೇ. ಆದ್ರೆ ನಾವು ಅನ್ನ ಬರೋವರೆಗೂ ಎಲೆಗೆ ಕೈ ಹಚ್ಚದೆ ಕಾಯ್ತೀವಿ! ಅನ್ನ ಮುದ್ದೆಯಾಗೋಕೆ ಬಿಡಲ್ಲ, ಉದುರಾಗಿ ಬಸಿದು ಮಾಡ್ತೀವಿ. ತಂಗಳನ್ನದಲ್ಲಿ ಸ್ವಲ್ಪ ಪಿಷ್ಟ ಜೀರ್ಣ ಆಗದ ರೂಪಕ್ಕೆ ತಿರುಗುತ್ತೆ ಅನ್ನೋದು ನಿಜ, ಆದ್ರೆ ಅದರ ಲಾಭ ಸಣ್ಣದು, ಅದನ್ನ ನಂಬಿ ಎರಡು ಬಟ್ಟಲು ಉಣ್ಣೋ ಹಾಗಿಲ್ಲ. ಊಟ ಆಗಿ ಹದಿನೈದು ನಿಮಿಷ ನಡಿಗೆ. ಕಿಡ್ನಿ ತೊಂದರೆ ಇರೋರು ಕಾಳು ಬೇಳೆ ಎಷ್ಟು ತಿನ್ನಬೇಕು ಅಂತ ಡಾಕ್ಟರ್‌ನ ಕೇಳಲೇಬೇಕು. 150 ಗ್ರಾಂ ಅನ್ನೋದೂ ನಮ್ಮಪ್ಪನ ಅಳತೆ. ನಿಮ್ಮಪ್ಪನದು ಮೀಟರ್ ನೋಡಿ ಗೊತ್ತಾಗಬೇಕು. ಊಟ ಶುರುವಾಗಿ ಎರಡು ಗಂಟೆಗೆ 180ರ ಒಳಗೆ ಅನ್ನೋದು ಹೆಚ್ಚಿನವರಿಗೆ ಹೇಳೋ ಗುರಿ, ವಯಸ್ಸಾದವರಿಗೆ ಡಾಕ್ಟರ್ ಸ್ವಲ್ಪ ಸಡಿಲ ಕೊಡ್ತಾರೆ.

ಮತ್ತೆ ಚೀಟಿಯ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಗೆಳೆಯರ ಜೊತೆ ಜಗಳ ಆಗಿರೋದು ಅಲ್ಲೇ. ಆ ಸಾಲು ತೆಗೆದ ವರ್ಷ ನಗರದ ಒಂದು ಅಂಗಡಿಯವರು ನನ್ನ 12 ಕ್ವಿಂಟಾಲ್ ಅಕ್ಕಿ ಪೂರ್ತಿ ತಗೋತೀವಿ ಅಂದ್ರು. ಕೆ.ಜಿ.ಗೆ 100 ರೂಪಾಯಿ. ಚೀಲದ ಮೇಲೆ ‘ಡಯಾಬಿಟಿಕ್ ರೈಸ್’ ಅಂತ ಹಾಕಿದ್ರೆ 120. ಹಾಕಲ್ಲ ಅಂದೆ. 24,000 ರೂಪಾಯಿ ಹೋಯ್ತು, ಆಮೇಲೆ ಅವರು 100ಕ್ಕೂ ತಗೊಳ್ಳಲಿಲ್ಲ. ಗೆಳೆಯರು ಕೇಳಿದ್ರು: ‘ಎಲ್ರೂ ಹಾಕ್ತಾರೆ, ನೀನೊಬ್ಬ ಹರಿಶ್ಚಂದ್ರನಾ? ದೇಸಿ ಭತ್ತದ ಇಳುವರಿ ಎಕರೆಗೆ ಹದಿನಾರು ಹದಿನೇಳು ಕ್ವಿಂಟಾಲ್, ಈ ಒಂದು ಮಾತೂ ಇಲ್ಲದಿದ್ರೆ ಬೆಲೆ ಹೇಗೆ ಸಿಗುತ್ತೆ?’

ಅವರ ಪ್ರಶ್ನೆಯಲ್ಲಿ ನ್ಯಾಯ ಇದೆ. ದೇಸಿ ತಳಿ ಉಳಿಸೋ ಖರ್ಚನ್ನ ಯಾರಾದ್ರೂ ಕೊಡಬೇಕು. ಆದ್ರೆ ಅದನ್ನ ಕಾಯಿಲೆಯವರ ಹೆದರಿಕೆಯಿಂದ ಕಿತ್ಕೋಬಾರದು ಅನ್ನೋದು ನನ್ನ ವಾದ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಮಾರುಕಟ್ಟೆ ಅಂತ ನೋಡಿದ್ರೆ ದೊಡ್ಡದು, ನಿಜ. ಆದ್ರೆ 2020ರಲ್ಲಿ ಬಂದ ಪ್ಯೂರ್ ಅಧ್ಯಯನವನ್ನೂ ನೋಡಿ. 21 ದೇಶಗಳ 1.3 ಲಕ್ಷಕ್ಕೂ ಹೆಚ್ಚು ಜನರಲ್ಲಿ, ದಿನಕ್ಕೆ 450 ಗ್ರಾಂ ಮೇಲೆ ಬಿಳಿ ಅನ್ನ ತಿನ್ನೋರಿಗೆ 150 ಗ್ರಾಂಗಿಂತ ಕಡಿಮೆ ತಿನ್ನೋರಿಗಿಂತ ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ಹೆಚ್ಚಿತ್ತು, ಅದರಲ್ಲೂ ದಕ್ಷಿಣ ಏಷ್ಯಾದಲ್ಲಿ ಎಲ್ಲಕ್ಕಿಂತ ಹೆಚ್ಚು. ನಮ್ಮಪ್ಪನ ಒಂದು ಹೊತ್ತಿನ ತಟ್ಟೆಯೇ 420 ಇತ್ತು. ಇಂಥವರಿಗೆ ‘ಇದು ನಿಮಗೆ ಸೂಕ್ತ’ ಅಂತ ಬರೆದು ಕೊಟ್ರೆ, ನಾವು ಕೊಡ್ತಿರೋದು ಇನ್ನೊಂದು ಸೌಟು ಬಡಿಸ್ಕೊಳ್ಳೋಕೆ ಅನುಮತಿ.

ಕಾನೂನೂ ಇದೆ. ಆಹಾರ ಪದಾರ್ಥ ಕಾಯಿಲೆ ವಾಸಿ ಮಾಡುತ್ತೆ, ತಡೆಯುತ್ತೆ ಅಂತ ಹೇಳೋದನ್ನ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳು ಒಪ್ಪೋದಿಲ್ಲ. ಔಷಧಿ ಜಾಹೀರಾತಿನ 1954ರ ಕಾಯ್ದೆಯ ಪಟ್ಟಿಯಲ್ಲೂ ಮಧುಮೇಹದ ಹೆಸರಿದೆ. ‘ಶುಗರ್ ಮಾಯ’ ಅಂತ ಯೂಟ್ಯೂಬ್ ಶಾರ್ಟ್ಸ್ ಮಾಡಿ ಅಕ್ಕಿ ಮಾರೋ ತಮ್ಮಂದಿರೇ, ಸ್ವಲ್ಪ ನೋಡ್ಕೊಳ್ಳಿ.

ಈ ವರ್ಷದ ನನ್ನ ಚೀಟಿ ಹೀಗಿದೆ: ತಳಿ ರಾಜಮುಡಿ, ಒಂದೇ ಪಾಲಿಶ್. ಗಿರಣಿ ಮಾಡಿಸಿದ ತಾರೀಖು. ತೌಡಿನ ಎಣ್ಣೆ ಇರೋದ್ರಿಂದ ಮೂರು ತಿಂಗಳೊಳಗೆ ಬಳಸಿ, ಹುಳ ಬಂದ್ರೆ ಬಿಸಿಲಿಗೆ ಹಾಕದೆ ನೆರಳಲ್ಲಿ ಹರಡಿ ಕೇರಿ. ಅರ್ಧ ಗಂಟೆ ನೆನೆಸಿ ಬೇಯಿಸಿ. ಕೊನೆಗೆ, ‘ಇದೂ ಅಕ್ಕಿಯೇ. ಶುಗರ್ ಇದ್ರೆ ಅಳೆದು ಉಣ್ಣಿ, ಎರಡು ಗಂಟೆಗೆ ಪರೀಕ್ಷಿಸಿ.’ ಪ್ರಿಂಟ್ ಹಾಕೋ ಹುಡುಗ ‘ಅಣ್ಣ, ಇದನ್ನ ಓದಿದ್ರೆ ಯಾರು ತಗೋತಾರೆ’ ಅಂದ. ಎರಡು ತಿಂಗಳಾಯ್ತು, ಮೂರು ಕ್ವಿಂಟಾಲ್ ಇನ್ನೂ ಅಟ್ಟದ ಮೇಲೇ ಇದೆ. ಆ ಫೋನ್ ಮಾಡಿದ ಅಕ್ಕ ಮಾತ್ರ ಈ ಸಲವೂ ಹತ್ತು ಕೆ.ಜಿ. ತರಿಸ್ಕೊಂಡ್ರು. ಅವರ ಮಾವನವರು ಮತ್ತೆ ಸಣ್ಣ ಬಟ್ಟಲಿಗೆ ಬಂದಿದ್ದಾರಂತೆ, ಜೊತೆಗೆ ಒಂದು ಹಿಡಿ ಮೊಳಕೆ ಹುರುಳಿ.

ಅಪ್ಪ ಭಾನುವಾರ ಬಾಡೂಟ ಇದ್ರೆ ಈಗಲೂ ಇನ್ನೊಂದು ಸೌಟು ಕೇಳ್ತಾರೆ. ಅವ್ವ ನನ್ನ ಮುಖ ನೋಡಿ, ಹಾಕ್ತಾಳೆ. ಹೋದ ವಾರ 205 ಬಂತು. ಸಂಜೆ ಇಬ್ಬರೂ ಮಾತಾಡದೆ ಚಪ್ಪಲಿ ಮೆಟ್ಕೊಂಡು ಕಾಲುವೆ ಏರಿ ಮೇಲೆ ನಡೆಯೋಕೆ ಹೋದ್ರು.